ಗಾಳ ಎತ್ತಿಡುವ ತಿಂಗಳು

ಹಿಮಾಚಲದ ತೀರ್ಥನ್ ಕಣಿವೆಗೆ ಹೋಗಿ ಬಂದವರು ಸಾಮಾನ್ಯವಾಗಿ ದೇವದಾರು ಕಾಡು, ಮರದ ಮನೆ, ಹಿಮದ ಬೆಟ್ಟಗಳ ಮಾತಾಡುತ್ತಾರೆ. ಊರಿಗೆ ಮರಳಿದ ಮೇಲೂ ನನ್ನನ್ನು ಬಿಡದೆ ಕಾಡುತ್ತಿರುವುದು ಮಾತ್ರ ಅಲ್ಲಿನ ಒಂದು ತಾರೀಖು: ಅಕ್ಟೋಬರ್ 31. ಆ ಸಂಜೆಗೆ ಟ್ರೌಟ್ ಮೀನಿಗೆ ಗಾಳ ಹಾಕುವ ಹಂಗಾಮು ಮುಗಿಯುತ್ತದೆ. ನವೆಂಬರ್ 1ರಿಂದ ಫೆಬ್ರುವರಿ ಕೊನೆಯವರೆಗೆ ಲೈಸೆನ್ಸ್ ಇದ್ದವರೂ ಹೊಳೆಗೆ ಗಾಳ ಇಳಿಸುವಂತಿಲ್ಲ. ಮೀನು ಸಿಗದ ಕಾಲವಾದ್ದರಿಂದ ಹೀಗೆ ನಿಲ್ಲಿಸುತ್ತಾರೆ ಎಂದುಕೊಳ್ಳಬೇಡಿ. ಮಳೆಗಾಲದ ಕೆಸರು ಇಳಿದು ನೀರು ತಿಳಿಯಾಗಿರುತ್ತದೆ, ಚಳಿಗೆ ಮುಂಚೆ ಮೈ ತುಂಬಿಸಿಕೊಳ್ಳಲು ಮೀನು ಮೇಯುತ್ತಿರುತ್ತದೆ, ವರ್ಷವಿಡೀ ಆಳದ ಮಡುವಿನಲ್ಲಿ ಅಡಗಿದ್ದ ದೊಡ್ಡ ಮೀನುಗಳು ತೆಳುನೀರಿಗೆ ಬರುತ್ತವೆ. ಕೈಗೆ ಅತಿ ಸುಲಭವಾಗಿ ದಕ್ಕುವ ಹೊತ್ತಿಗೇ ಸರಿಯಾಗಿ ಕೈ ಹಿಂದೆಗೆಯಬೇಕು. ಈ ಕಟ್ಟಳೆಯ ಸುತ್ತ ಒಂದು ಕಣಿವೆ ಹೇಗೆ ಬದುಕುತ್ತಿದೆ ಎಂಬುದನ್ನು ನೋಡಿದರೆ ಒಂದು ಮಾತು ಗಟ್ಟಿಯಾಗುತ್ತದೆ. ಹೊಳೆಯಿಂದ ಏನನ್ನಾದರೂ ಪಡೆಯುವ ಹಕ್ಕು ಮತ್ತು ಯಾವಾಗ ನಿಲ್ಲಿಸಬೇಕೆಂಬ ಕಟ್ಟು, ಇವೆರಡೂ ಒಟ್ಟಿಗಿದ್ದ ಕಡೆ ಹೊಳೆಗೆ ಕಾವಲುಗಾರರು ಹುಟ್ಟುತ್ತಾರೆ. ಈ ಮಾತಿಗೆ ಎದುರಾಗಿ ಹೇಳಬಹುದಾದದ್ದು ಬಹಳಷ್ಟಿದೆ. ಅದನ್ನು ಪಕ್ಕಕ್ಕೆ ಸರಿಸದೆ ಒಂದೊಂದಾಗಿ ನೋಡಬೇಕು.

ಕಣಿವೆಯ ಬಾಗಿಲಲ್ಲೇ ಸಾಕ್ಷ್ಯ ಶುರುವಾಗುತ್ತದೆ. ಔಟ್ ಊರಿನ ಬಳಿ ಕುಲ್ಲು ಹೆದ್ದಾರಿ ಬಿಟ್ಟು ಬಂಜಾರ್ ಕಡೆಗೆ ತಿರುಗಿದರೆ ಲಾರ್ಜಿ. ಬಿಯಾಸ್, ಸೈಂಜ್, ತೀರ್ಥನ್ ಮೂರೂ ಕೂಡುವ ಜಾಗ. ಅಲ್ಲೇ 126 ಮೆಗಾವ್ಯಾಟ್‌ನ ಲಾರ್ಜಿ ಅಣೆಕಟ್ಟು. ಬಿಯಾಸ್ ನದಿ ಅಲ್ಲಿ ಹರಿಯುವುದನ್ನು ಮರೆತು, ಬೂದುಬಣ್ಣದ ಕೆರೆಯಾಗಿ ನಿಂತಿದೆ. ಪಕ್ಕದ ಸೈಂಜ್ ಹೊಳೆಯ ಮೇಲೆ 520 ಮೆಗಾವ್ಯಾಟ್‌ನ ಪಾರ್ವತಿ ಮೂರನೇ ಹಂತದ ಯೋಜನೆ ಕೂತಿದೆ. ಆ ನೀರಿನ ಬಹುಪಾಲು ಬೆಟ್ಟದೊಳಗಿನ ಸುರಂಗದಲ್ಲಿ ಸಾಗುತ್ತದೆ. ಮೂರನೆಯದು ತೀರ್ಥನ್. ಅದು ಮಾತ್ರ ತನ್ನ ಹಳೆಯ ಸದ್ದಿನಲ್ಲೇ, ಗಾಜಿನ ಹಸಿರು ಬಣ್ಣದಲ್ಲಿ ಬಂಡೆಗಳ ನಡುವೆ ಇಳಿದು ಬರುತ್ತದೆ. ಒಂದೇ ಬೆಟ್ಟಸಾಲಿನ ನೀರು, ಒಂದೇ ಸರ್ಕಾರ, ಒಂದೇ ಕಾನೂನು. ಒಂದು ಹೊಳೆ ಮಾತ್ರ ಬಿಡುಗಡೆಯಾಗಿ ಉಳಿದದ್ದು ಹೇಗೆ ಎಂಬ ಪ್ರಶ್ನೆಯನ್ನು ಹೊತ್ತುಕೊಂಡೇ ಕಣಿವೆಯೊಳಗೆ ಹೋಗಬೇಕಾಗುತ್ತದೆ.

ಅಕ್ಟೋಬರ್‌ನ ಆ ದಾರಿ ಕಣ್ಣಿಗೆ ಹಬ್ಬ. ಸೇಬಿನ ಕೊಯ್ಲು ಮುಗಿದು ತೋಟಗಳು ಬರಿದಾಗಿರುತ್ತವೆ. ಕಲ್ಲುಚಪ್ಪಡಿಯ ಸೂರುಗಳ ಮೇಲೆ ಮೆಕ್ಕೆಜೋಳದ ತೆನೆ ಹಳದಿಯಾಗಿ ಒಣಗುತ್ತಿರುತ್ತದೆ, ಇಳಿಜಾರಿನ ಹೊಲಗಳಲ್ಲಿ ರಾಜಗಿರಿಯ ಕೆಂಪು ತೆನೆ ತೂಗುತ್ತದೆ. ಹೆಂಗಸರು ಚಳಿಗಾಲಕ್ಕೆ ದನಕ್ಕೆ ಬೇಕಾದ ಹುಲ್ಲನ್ನು ಕಡಿದಾದ ಬೆಟ್ಟದಿಂದ ಕೊಯ್ದು ಬೆನ್ನ ಮೇಲೆ ಹೊತ್ತು ಇಳಿಯುತ್ತಾರೆ. ಮೈಸೂರಿನಲ್ಲಿ ಜಂಬೂ ಸವಾರಿ ಮುಗಿಯುವ ವಿಜಯದಶಮಿಯಂದೇ ಕುಲ್ಲುವಿನಲ್ಲಿ ದಸರಾ ಶುರುವಾಗುತ್ತದೆ. ಕಣಿವೆಕಣಿವೆಗಳ ದೇವತೆಗಳು ಪಲ್ಲಕ್ಕಿ ಏರಿ ಧಾಲ್ಪುರ ಮೈದಾನಕ್ಕೆ ಹೊರಡುತ್ತವೆ. ಬಂಜಾರ್ ಸೀಮೆಯ ದೊಡ್ಡ ದೈವ ಶೃಂಗ ಋಷಿ. ನಮ್ಮ ಶೃಂಗೇರಿಯ ಪಕ್ಕದ ಕಿಗ್ಗದಲ್ಲಿ ಮಳೆ ತರುವ ದೇವರಾಗಿ ಕೂತಿರುವ ಋಷ್ಯಶೃಂಗನೇ ಅಲ್ಲಿ ಪಲ್ಲಕ್ಕಿಯಲ್ಲಿ ಮೆರೆಯುತ್ತಾನೆ. ಅವನ ಸೀಮೆಯ ಹೊಳೆಯ ಮಾತಿಗೆ ಮುಂದೆ ಬರುತ್ತೇನೆ.

ಗುಶೈಣಿಯಲ್ಲಿ ಪಲಾಚನ್ ಹಳ್ಳ ಬಂದು ತೀರ್ಥನ್‌ಗೆ ಸೇರುತ್ತದೆ. ಅಲ್ಲಿಂದ ಮೇಲೆ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಕಾಲುದಾರಿ. 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಾಡು ಅದು. ಹೊಳೆಯ ಅಂಚಿನ ತೆಳುನೀರಿನಲ್ಲಿ ಬೊಗಸೆಯಷ್ಟಗಲದ ಒಂದು ಕಲ್ಲನ್ನು ಮಗುಚಿ ನೋಡಿದರೆ ಫ್ಲೈ ಫಿಶಿಂಗಿನ ಇಡೀ ಶಾಸ್ತ್ರ ಅದರಡಿ ಅಂಟಿಕೊಂಡಿರುತ್ತದೆ. ಚಪ್ಪಟೆ ಮೈಯ, ಮೂರು ಬಾಲದೆಳೆಯ ಮೇಫ್ಲೈ ಮರಿಗಳು ಬೆಳಕಿಗೆ ಹೆದರಿ ಕಲ್ಲಿನ ಇನ್ನೊಂದು ಬದಿಗೆ ಸರಿಯುತ್ತವೆ. ಮರಳಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ ಅಕ್ಕಿಕಾಳಿಗಿಂತ ತುಸು ದೊಡ್ಡ ಕೊಳವೆ ಕಟ್ಟಿಕೊಂಡ ಕ್ಯಾಡಿಸ್ ಹುಳು ತಲೆಯನ್ನಷ್ಟೇ ಹೊರಗೆ ಚಾಚಿ ಒಳಗೆಳೆದುಕೊಳ್ಳುತ್ತದೆ. ಎರಡು ಬಾಲದ ಸ್ಟೋನ್‌ಫ್ಲೈ ಇದ್ದರಂತೂ ನೀರು ತಣ್ಣಗಿದೆ, ಶುದ್ಧವಾಗಿದೆ ಎಂದೇ ಲೆಕ್ಕ. ಕೊಳೆ ಸೇರಿದ ಹೊಳೆಯಿಂದ ಮೊದಲು ಕಾಣೆಯಾಗುವ ಜೀವಗಳಲ್ಲಿ ಅದೂ ಒಂದು. ಟ್ರೌಟ್ ಇವನ್ನು ತಿಂದು ಬದುಕುವ ಮೀನು. ಫ್ಲೈ ಗಾಳಗಾರ ಇವುಗಳ ಆಕಾರವನ್ನೇ ಗರಿ, ಕೂದಲು, ದಾರಗಳಿಂದ ಕೊಕ್ಕೆಯ ಮೇಲೆ ಕಟ್ಟುತ್ತಾನೆ. ಆ ಕೃತಕ ಹುಳಕ್ಕೆ ತೂಕವೇ ಇರುವುದಿಲ್ಲ. ಎಸೆಯುವ ತೂಕವೆಲ್ಲ ದಪ್ಪ ದಾರದಲ್ಲಿರುತ್ತದೆ. ದಾರ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾದು, ಆಮೇಲೆ ಮುಂದಕ್ಕೆ ಬೀಸಬೇಕು. ಅವಸರ ಮಾಡಿದವನ ದಾರ ಅವನ ಕೊರಳಿಗೇ ಸುತ್ತುತ್ತದೆ. ಹೀಗೆ ಮೀನಿಗಿಂತ ಮೊದಲು ಹುಳುವನ್ನೂ, ಹುಳುವಿಗಿಂತ ಮೊದಲು ಕಲ್ಲನ್ನೂ ನೀರಿನ ತಣ್ಪನ್ನೂ ಓದಲೇಬೇಕಾದ ವಿದ್ಯೆ ಇದು. ಹೊಳೆಗೆ ಕೆಡುಕಾದರೆ ಅದು ಮೊದಲು ಗೊತ್ತಾಗುವುದು ಇಂಥ ಓದು ರೂಢಿಯಾದವರಿಗೆ.

ಈ ವಿದ್ಯೆಗೂ ಕನ್ನಡ ನಾಡಿಗೂ ಇರುವ ನಂಟು ಹಳೆಯದು. ಭಾರತದ ನದಿಗಳಲ್ಲಿ ಗಾಳ ಹಾಕುವ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಮೊದಮೊದಲ ದೊಡ್ಡ ಪುಸ್ತಕ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಹೊರಬಂದದ್ದು ಮಂಗಳೂರಿನಿಂದ. ಬರೆದವರು ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್. ಇನ್ನೊಂದು ನಂಟಿಗೆ ಸಂತೋಷಪಡುವುದು ಕಷ್ಟ. ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿ ಹುಂಜದ ಕೊರಳಿನ ಗರಿಗಳಲ್ಲಿ ಅರಗಿನ ಹನಿಯಂತೆ ಹೊಳೆಯುವ ಹಳದಿ ಚುಕ್ಕೆಗಳಿವೆ. ಆ ಹೊಳಪಿಗಾಗಿ ಬ್ರಿಟನ್ನಿನ ಗಾಳಗಾರರು ಅವುಗಳಿಗೆ ಮುಗಿಬಿದ್ದರು. ಅವರ ಸಾಲ್ಮನ್ ಫ್ಲೈಗಳಿಗಾಗಿ ಇಲ್ಲಿನ ಕೋಳಿಗಳು ಲೆಕ್ಕವಿಲ್ಲದೆ ಸತ್ತವು. ಆ ಗರಿಯ ರಫ್ತು ಈಗ ನಿಷಿದ್ಧ. ತನ್ನ ಹೊಳೆಯಲ್ಲಿ ಸಂಯಮ ಕಲಿತವನು ಪರರ ಕಾಡಿನಲ್ಲೂ ಅದನ್ನು ಪಾಲಿಸುತ್ತಾನೆಂದು ನಂಬುವಂತಿಲ್ಲ. ಕಟ್ಟು ಬರೆದಿಟ್ಟ ಕಾನೂನಾಗಿಯೇ ಇರಬೇಕು ಎನ್ನುವುದಕ್ಕೆ ಆ ಕೋಳಿಯ ಗರಿ ಸಾಕ್ಷಿ.

ಅಕ್ಟೋಬರ್ ಕೊನೆಗೆ ಬ್ರೌನ್ ಟ್ರೌಟಿನ ಬಣ್ಣ ತಿರುಗುತ್ತದೆ. ಗಂಡಿನ ಹೊಟ್ಟೆ ಬೆಣ್ಣೆಹಳದಿಯಿಂದ ತಾಮ್ರಕ್ಕೆ ಹೊರಳುತ್ತದೆ, ಪಕ್ಕೆಯ ಕೆಂಪು ಚುಕ್ಕೆಗಳು ಗಾಢವಾಗುತ್ತವೆ, ಕೆಳದವಡೆ ಕೊಕ್ಕೆಯಂತೆ ಬಾಗುತ್ತದೆ. ಹೆಣ್ಣು ಮೀನು ಹರಳುಕಲ್ಲಿನ ತೆಳುನೀರು ಹುಡುಕಿ, ಮಗ್ಗುಲಾಗಿ ಮಲಗಿ, ಬಾಲದಿಂದ ಹೊಡೆದು ಹೊಡೆದು ಹರಳನ್ನು ಹಾರಿಸಿ ತಗ್ಗು ತೋಡುತ್ತದೆ. ಅಲ್ಲಿ ಮೊಟ್ಟೆಯಿಟ್ಟು, ಅದರ ತುಸು ಮೇಲೆ ಮತ್ತೆ ಬಾಲ ಬಡಿದು, ಎದ್ದ ಹರಳಿನಿಂದ ಆ ತಗ್ಗನ್ನು ಮುಚ್ಚುತ್ತದೆ. ನೀರು ಹತ್ತು ಡಿಗ್ರಿಯಷ್ಟಿದ್ದರೆ ಮರಿಯಾಗಲು ಸುಮಾರು ಆರು ವಾರ ಬೇಕು. ತೀರ್ಥನ್‌ನ ಚಳಿಗಾಲದ ನೀರು ಅದಕ್ಕಿಂತ ಬಹಳ ತಣ್ಣಗಿರುವುದರಿಂದ ಕಾಯುವಿಕೆ ತಿಂಗಳುಗಟ್ಟಲೆ ಸಾಗುತ್ತದೆ. ಅಷ್ಟೂ ದಿನ ಹರಳಿನ ಸಂದಿಗಳಲ್ಲಿ ತಿಳಿನೀರು ಆಡುತ್ತಲೇ ಇರಬೇಕು. ರಸ್ತೆ ಅಗಲಿಸಿದ ಮಣ್ಣನ್ನು ಹೊಳೆಗೆ ತಳ್ಳಿದರೆ, ಮರಳು ಬಗೆದರೆ, ಮೊಟ್ಟೆಗೆ ಉಸಿರು ಕಟ್ಟುತ್ತದೆ. ಆ ಹರಳುಹಾಸಿನ ಮೇಲೆ ಒಬ್ಬನ ಬೂಟುಗಾಲು ಬಿದ್ದರೂ ಒಂದು ಪೀಳಿಗೆ ಅಲ್ಲೇ ಮುಗಿಯಿತು. ನವೆಂಬರ್ ಒಂದರ ಕಟ್ಟಳೆಗೆ ಇದೇ ಕಾರಣ. ಅಕ್ಟೋಬರ್ ಕೊನೆಯ ವಾರದಲ್ಲೇ ಜೋಡಿಯಾಗಿ ತೆಳುನೀರಿಗೆ ಬಂದ ಮೀನುಗಳು ಕಂಡರೆ, ಕಾನೂನಿನ ಅವಧಿ ಇನ್ನೂ ಉಳಿದಿದ್ದರೂ ಗಾಳ ಹಾಕದೆ ಮುಂದೆ ನಡೆಯುವುದು ಬಲ್ಲವರ ನಡವಳಿಕೆ.

ಮೊದಲ ದೊಡ್ಡ ಆಕ್ಷೇಪ ಈ ಮೀನಿನ ಮೂಲದ್ದು. ಟ್ರೌಟ್ ಹಿಮಾಲಯದ್ದಲ್ಲ, ಸಾಮ್ರಾಜ್ಯ ತಂದು ಬಿಟ್ಟ ಮೀನು. 1899ರಲ್ಲಿ ಕಾಶ್ಮೀರಕ್ಕೆ ಬಂದ ಮೊದಲ ಮೊಟ್ಟೆಗಳು ದಾರಿಯಲ್ಲೇ ಸತ್ತವು. ಮರುವರ್ಷ ಸ್ಕಾಟ್ಲೆಂಡಿನಿಂದ ಬಂದವು ಬದುಕಿದವು. ಅಲ್ಲಿಂದ 1909ರಲ್ಲಿ ಕುಲ್ಲು ಕಣಿವೆಗೆ, ಆಗ ಅಲ್ಲಿ ಅಧಿಕಾರಿಯಾಗಿದ್ದ ಹೋವೆಲ್ ಎಂಬವರ ಉತ್ಸಾಹದಿಂದ. ಮನೆಯ ನೆನಪಿಗೆ ಬಿಳಿಯರು ಬಿಟ್ಟ ಮೀನಿಗೆ ಅಲ್ಲಿನ ಮೂಲನಿವಾಸಿ ಸ್ನೋ ಟ್ರೌಟ್ ಬೆಲೆ ತೆತ್ತಿದೆ. ಹೆಸರಲ್ಲಿ ಟ್ರೌಟ್ ಇದ್ದರೂ ಅದು ನಮ್ಮ ಗೆಂಡೆ, ಕಾಟ್ಲಾಗಳ ಬಳಗದ್ದು. ಕೆಳತುಟಿಯಿಂದ ಬಂಡೆಯ ಪಾಚಿ ಕೆರೆದು ತಿನ್ನುವ ಸಾಧು ಮೀನು. ಬ್ರೌನ್ ಟ್ರೌಟ್ ಮಾಂಸಾಹಾರಿ, ಮೀನುಮರಿಗಳನ್ನೂ ಬಿಡದು. ಸ್ನೋ ಟ್ರೌಟ್ ಇಂದು ಅಪಾಯದ ಅಂಚಿಗೆ ಸರಿದ ಜೀವಿಗಳ ಪಟ್ಟಿಯಲ್ಲಿದೆ. ಈ ಆಕ್ಷೇಪ ನಿಜ, ಅದನ್ನು ಒಪ್ಪಲೇಬೇಕು. ಇನ್ನೂ ಟ್ರೌಟ್ ಮುಟ್ಟದ ಹಳ್ಳಗಳಿಗೆ ಅದನ್ನು ಬಿಡುವುದು ಇಂದಿನ ತಿಳಿವಳಿಕೆಯಲ್ಲಿ ಅಪರಾಧ. ಆದರೆ ಶತಮಾನದ ಹಿಂದೆ ಆಗಿಹೋದ ತಪ್ಪನ್ನು ತೀರ್ಥನ್‌ನಿಂದ ಈಗ ಹೆಕ್ಕಿ ತೆಗೆಯುವ ದಾರಿಯಿಲ್ಲ. ಇರುವ ಸ್ಥಿತಿಯಲ್ಲಿ ಎರಡೂ ಮೀನಿಗೆ ಬೇಕಾದದ್ದು ಒಂದೇ: ತಣ್ಣಗೆ, ಅಡ್ಡಿಯಿಲ್ಲದೆ ಹರಿಯುವ ನೀರು.

ಆ ನೀರು ಉಳಿದದ್ದರಲ್ಲಿ ಟ್ರೌಟಿನ ಪಾಲಿದೆ. ತೀರ್ಥನ್ ಮತ್ತು ಅದರ ಉಪಹಳ್ಳಗಳ ಮೇಲೂ ಒಂಬತ್ತು ಸಣ್ಣ ಜಲವಿದ್ಯುತ್ ಯೋಜನೆಗಳು ಸಿದ್ಧವಾಗಿದ್ದವು. ಬಂಜಾರ್‌ನ ಮಾಜಿ ಶಾಸಕ ದಿಲೇರಾಮ್ ಶಬಾಬ್ ಮತ್ತು ಕಣಿವೆಯ ಜನ ಅವನ್ನು ವಿರೋಧಿಸಿ ಹಿಮಾಚಲ ಹೈಕೋರ್ಟಿನವರೆಗೆ ಹೋದರು, ಯೋಜನೆಗಳು ಬಿದ್ದುಹೋದವು. ಕಾಡು, ದೇವರು, ನೀರಾವರಿ ಎಲ್ಲವೂ ಅವರ ಕಾರಣಗಳಾಗಿದ್ದವು. ಅವುಗಳ ಜೊತೆಗೆ ಟ್ರೌಟ್ ಹೊಳೆಯೆಂಬ ಹೆಸರೂ ಇತ್ತು. ಬರೀ ಚಂದದ ನೀರು ಎಂದರೆ ಕಚೇರಿಯ ಕಡತದಲ್ಲಿ ಅದಕ್ಕೆ ಕಾಲಂ ಇರುವುದಿಲ್ಲ. ಲೈಸೆನ್ಸ್ ಕೊಡುವ ಇಲಾಖೆ, ಹೋಮ್‌ಸ್ಟೇ ನಡೆಸುವ ಮನೆಗಳು, ಗೈಡ್ ಕೆಲಸ ಕಲಿತ ಹುಡುಗರು ಇರುವ ನೀರು ಎಂದಾಗ ಅದನ್ನು ಕಳೆದುಕೊಳ್ಳುವವರು ಯಾರು ಎಂಬುದು ಸ್ಪಷ್ಟವಾಗುತ್ತದೆ. 1999ರಲ್ಲಿ ರಾಷ್ಟ್ರೀಯ ಉದ್ಯಾನದ ಘೋಷಣೆ ಪೂರ್ತಿಯಾದಾಗ ಸುತ್ತಲ ಹಳ್ಳಿಗಳವರು ಕುರಿ ಮೇಯಿಸುವ, ಬೇರು ಅಣಬೆ ಆಯುವ ಹಕ್ಕು ಕಳೆದುಕೊಂಡಿದ್ದರು. ಅಂಥ ಜನರಿಗೆ ಕಾಡು ಬೇರೆಯವರ ಸ್ವತ್ತಾಗಿ ಕಂಡರೆ ಆಶ್ಚರ್ಯವಿಲ್ಲ. ಹೊಳೆ ಹಾಗೆ ಬೇರೆಯವರ ಸ್ವತ್ತಾಗಲಿಲ್ಲ. ಬಲೆ ಬೀಸುವವರು, ಬ್ಲೀಚಿಂಗ್ ಪುಡಿ ಸುರಿದು ಮೀನು ತೇಲಿಸುವವರು ರಾತ್ರಿ ಬಂದರೆ ಎಚ್ಚರಗೊಳ್ಳುವ ಮನೆಗಳು ದಡದುದ್ದಕ್ಕೂ ಇವೆ.

ಊಟದ ತಟ್ಟೆಯಲ್ಲೂ ಈ ಲೆಕ್ಕ ಕಾಣುತ್ತದೆ. ಹುದುಗಿಸಿದ ಗೋಧಿ ಹಿಟ್ಟಿನೊಳಗೆ ಗಸಗಸೆಯನ್ನೋ ಅಕ್ರೋಟನ್ನೋ ಅರೆದು ತುಂಬಿ, ಹಬೆಯಲ್ಲಿ ಬೇಯಿಸಿ, ಬಿಸಿತುಪ್ಪದಲ್ಲಿ ಅದ್ದಿ ಕೊಡುವ ಸಿಡ್ಡು ಆ ಚಳಿಗೆ ಹೇಳಿ ಮಾಡಿಸಿದ ತಿಂಡಿ. ಪಕ್ಕದಲ್ಲಿ ಸಾಸಿವೆ ಎಣ್ಣೆಯಲ್ಲಿ ಹುರಿದ ಟ್ರೌಟ್, ಮಂಗಳೂರಿನ ಖಾರಕ್ಕೆ ಪಳಗಿದ ನಾಲಿಗೆಗೆ ಸಪ್ಪೆಯೆನಿಸುವಷ್ಟು ಮೃದು. ಈ ಮೀನು ಹೊಳೆಯದ್ದಲ್ಲ. ಪಕ್ಕೆಯ ಮೇಲೆ ಗುಲಾಬಿ ಪಟ್ಟೆಯ ರೇನ್‌ಬೋ ಟ್ರೌಟ್ ಅದು, ಹೊಳೆಯ ನೀರು ಹಾಯಿಸಿದ ಸಿಮೆಂಟು ಕಾಲುವೆಗಳಲ್ಲಿ ಸಾಕಿದ್ದು. 1980ರ ದಶಕದ ಕೊನೆಗೆ ನಾರ್ವೆಯ ನೆರವಿನಿಂದ ಪತ್ಲಿಕುಹ್ಲ್‌ನಲ್ಲಿ ಬೇರೂರಿದ ಸಾಕಣೆ ಇಂದು ಕುಲ್ಲು ಜಿಲ್ಲೆಯ ಎಷ್ಟೋ ರೈತರ ಕೈಕಸುಬು. ಹೊಟ್ಟೆಗೆ ಸಾಕಿದ ಮೀನು, ಗಾಳಕ್ಕೆ ಹೊಳೆಯ ಬ್ರೌನ್ ಟ್ರೌಟ್, ಅದನ್ನೂ ಹೆಚ್ಚಿನವರು ಹಿಡಿದು ಬಿಡುತ್ತಾರೆ. ಈ ಏರ್ಪಾಡು ಇಲ್ಲದಿದ್ದರೆ ಅಲ್ಲಿಗೆ ಬರುವ ಪ್ರವಾಸಿಗರ ಹಸಿವೊಂದೇ ಹೊಳೆಯನ್ನು ಖಾಲಿ ಮಾಡಲು ಸಾಕಾಗಿತ್ತು.

ಹಿಡಿದು ಬಿಡುವುದರಲ್ಲಿ ಕ್ರೌರ್ಯವಿಲ್ಲವೇ ಎಂಬುದು ಎರಡನೆಯ ಆಕ್ಷೇಪ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಠಿಣವಾದದ್ದು. ತಿನ್ನಲು ಕೊಂದರೆ ಅದಕ್ಕೊಂದು ಕಾರಣವಾದರೂ ಇದೆ, ಬರೀ ಆಟಕ್ಕೆ ಜೀವವೊಂದರ ಬಾಯಿಗೆ ಕೊಕ್ಕೆ ಸಿಕ್ಕಿಸುವುದು ಯಾವ ನ್ಯಾಯ? ಟ್ರೌಟಿನ ತುಟಿಯಲ್ಲಿ ನೋವಿನ ನರಗಳಿವೆ ಎಂದು 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ತೋರಿಸಿದ ಮೇಲೆ, ಮೀನಿಗೆ ನೋವಾಗದು ಎಂಬ ಹಳೆಯ ಸಮಾಧಾನವೂ ಉಳಿದಿಲ್ಲ. ನೋವಾಗುತ್ತದೆಂದು ಒಪ್ಪಿಯೇ ಮುಂದಿನ ಮಾತು ಆಡಬೇಕು. ಮುಳ್ಳಿಲ್ಲದ ಕೊಕ್ಕೆ, ಒದ್ದೆ ಮಾಡಿಕೊಂಡ ಕೈ, ಮೀನನ್ನು ನೀರಿನಿಂದ ಎತ್ತದೆಯೇ ಬಿಡಿಸುವುದು, ನೀರು 20 ಡಿಗ್ರಿಯ ಹತ್ತಿರ ಬಂದರೆ ಆ ದಿನ ಗಾಳವನ್ನೇ ಹಾಕದಿರುವುದು, ಇವೆಲ್ಲ ನೋವನ್ನು ಕಡಿಮೆ ಮಾಡುತ್ತವೆ, ಇಲ್ಲವಾಗಿಸುವುದಿಲ್ಲ. ಉಳಿದ ನೋವನ್ನು ತಕ್ಕಡಿಯ ಇನ್ನೊಂದು ತಟ್ಟೆಯ ಜೊತೆ ತೂಗಬೇಕು. ಅಣೆಕಟ್ಟಿನ ಕೆಳಗೆ ಒಣಗಿದ ಹರಳುಹಾಸಿನಲ್ಲಿ, ಸಿಡಿಮದ್ದಿನ ಏಟಿಗೆ, ಬ್ಲೀಚಿಂಗ್ ಪುಡಿಯ ಉರಿಗೆ ಸಾಯುವ ಮೀನಿಗೂ ಅವೇ ನರಗಳಿವೆ. ಆ ಸಾವುಗಳನ್ನು ಯಾರೂ ಎಣಿಸುವುದಿಲ್ಲ, ಏಕೆಂದರೆ ಅಲ್ಲಿ ನಿಂತು ನೋಡುವವರೇ ಇಲ್ಲ.

ಕೊಕ್ಕೆಯಿಲ್ಲದೆಯೂ ಮೀನು ಕಾಯಬಹುದಲ್ಲ ಎಂದು ಕನ್ನಡಿಗರು ಕೇಳಿದರೆ ಅದಕ್ಕೆ ಅರ್ಥವಿದೆ. ಋಷ್ಯಶೃಂಗನ ಸೀಮೆಯಾದ ಶೃಂಗೇರಿಯಲ್ಲಿ ತುಂಗೆಯ ಮೀನುಗಳು ಮಠದ ಮೆಟ್ಟಿಲ ಬಳಿ ಜನರ ಕೈಯ ಮಂಡಕ್ಕಿಗೆ ಮುತ್ತುತ್ತವೆ. ಶಿಶಿಲದ ಕಪಿಲೆಯಲ್ಲಿ ಮಹಶೀರ್ ದೇವರಮೀನು, ಅದನ್ನು ಮುಟ್ಟುವವರಿಲ್ಲ. ಭಕ್ತಿ ಕಾಯ್ದ ಈ ಮಡುಗಳು ನಮ್ಮ ಹೆಮ್ಮೆ. ಆದರೆ ದೇವರ ಎಲ್ಲೆ ಮಡುವಿನ ಅಂಚಿಗೆ ಮುಗಿಯುತ್ತದೆ. 1996ರಲ್ಲಿ ಶಿಶಿಲದ ನೀರಿಗೆ ವಿಷ ಬಿದ್ದು ಸಾವಿರಾರು ದೇವರಮೀನುಗಳು ಸತ್ತವು. ಅವುಗಳ ನೆನಪಿನ ಸ್ಮಾರಕ ಅಲ್ಲಿದೆ. ಮೀನಿಗೆ ಬೇಕಾದದ್ದು ಪೂರ್ತಿ ಹೊಳೆ.

ಹಾಗಾದರೆ ಇಡೀ ಹೊಳೆಯನ್ನೇ ನಿಷೇಧಿಸಿಬಿಟ್ಟರೆ? ಅದರ ಉತ್ತರ ಕಾವೇರಿಯಲ್ಲಿದೆ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಅದರ ಉಪನದಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಹಶೀರ್ ಇಂದಿಗೂ ದಾಖಲೆ. ಮುಂದೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಶಿಬಿರಗಳಲ್ಲಿ ಹಿಡಿದು ಬಿಡುವ ಪದ್ಧತಿ ಬಂತು. ಒಂದು ಕಾಲಕ್ಕೆ ಕದ್ದು ಮೀನು ಹಿಡಿಯುತ್ತಿದ್ದ ಸುತ್ತಲ ಊರಿನವರಲ್ಲಿ ಕೆಲವರು ಅಲ್ಲೇ ಗೈಡುಗಳಾದರು, ಸಿಡಿಮದ್ದಿನವರಿಗೆ ಅಡ್ಡನಿಂತರು. 2012ರಲ್ಲಿ ಆ ಶಿಬಿರಗಳಿದ್ದ ವನ್ಯಧಾಮದೊಳಗೆ ಗಾಳ ನಿಂತಿತು. ನಿಂತ ಮೇಲೆ ಬೆಳಕಿಗೆ ಬಂದ ಸಂಗತಿ ಯೋಚಿಸುವಂಥದ್ದು. ಗಾಲಿಬೋರೆಯ ಗಾಳಗಾರರು 1998ರಿಂದ ಬರೆದಿಟ್ಟಿದ್ದ ಪುಸ್ತಕಗಳನ್ನು ವಿಜ್ಞಾನಿಗಳು ಕೂತು ಓದಿದಾಗ, ಕಾವೇರಿಯದೇ ಆದ ಗೂನುಬೆನ್ನಿನ ಕಿತ್ತಳೆ ರೆಕ್ಕೆಯ ಮಹಶೀರ್ ಕುಸಿಯುತ್ತ, ಹೊರಗಿನಿಂದ ತಂದುಬಿಟ್ಟ ನೀಲಿ ರೆಕ್ಕೆಯ ತಳಿ ಏರುತ್ತ ಹೋದದ್ದು ಗೊತ್ತಾಯಿತು. ಮೀನು ಹೆಚ್ಚಲೆಂಬ ಒಳ್ಳೆಯ ಮನಸ್ಸಿನಿಂದಲೇ ಮರಿ ಬಿಟ್ಟಿದ್ದರು. 2018ರಲ್ಲಿ ಆ ಗೂನುಬೆನ್ನಿನ ಮೀನು ತೀವ್ರ ಅಪಾಯದ ಪಟ್ಟಿಗೆ ಸೇರಿತು. ಗಾಳಗಾರರ ಸಂಘಗಳ ತಪ್ಪೂ ಇದರಲ್ಲಿದೆ, ಮುಚ್ಚುವಂತಿಲ್ಲ. ಆದರೆ ಆ ತಪ್ಪು ಪತ್ತೆಯಾದದ್ದೂ ದಿನದಿನ ದಡದಲ್ಲಿ ನಿಂತು ತೂಕ, ಬಣ್ಣ ಬರೆದಿಟ್ಟವರ ಪುಸ್ತಕದಿಂದಲೇ. ಪುಸ್ತಕ ಮುಚ್ಚಿದ ಮೇಲೆ ಅಂಥ ದಿನದಿನದ ಲೆಕ್ಕ ನಿಂತುಹೋಯಿತು.

ಮಲೆನಾಡಿನಲ್ಲಿ ಮುಂಗಾರಿನ ಮೊದಲ ಮಳೆಗೆ ಹತ್ತುಮೀನು ಹಿಡಿಯುವ ಸಂಭ್ರಮ ಬಲ್ಲವರಿಗೆ ತೀರ್ಥನ್‌ನ ತಾರೀಖು ಇನ್ನಷ್ಟು ಚುಚ್ಚುತ್ತದೆ. ಮೊಟ್ಟೆಯಿಡಲು ಹಳ್ಳ ಹತ್ತಿ ಗದ್ದೆಗೆ ಬರುವ ಮೀನಿಗೆ ನಾವು ಕೂಳಿ ಒಡ್ಡುತ್ತೇವೆ; ಬಸಿರು ಮೀನಿನ ರುಚಿಯನ್ನು ಹೊಗಳುತ್ತೇವೆ. ಹಿಂದೆ ಮೀನು ಹೇರಳವಿತ್ತು, ಹಿಡಿಯುವವರು ಕಡಿಮೆಯಿದ್ದರು, ನಡೆಯಿತು. ಈಗ ಕೂಳಿಯ ಜಾಗಕ್ಕೆ ಕರೆಂಟಿನ ತಂತಿಯೂ ಬಂದಿದೆ. ಇಂಥ ಶಿಸ್ತು ನಮ್ಮಿಂದ ಆಗದ ಮಾತೇನೂ ಅಲ್ಲ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ದಡದಲ್ಲೇ ನಿಲ್ಲುತ್ತವೆ, ಮಲ್ಪೆ ಬಂದರು ಮೌನವಾಗುತ್ತದೆ, ಯಾರೂ ಅದನ್ನು ಅನ್ಯಾಯವೆನ್ನುವುದಿಲ್ಲ. ಸಮುದ್ರಕ್ಕೆ ಒಪ್ಪಿದ್ದನ್ನು ತುಂಗೆ, ಭದ್ರೆ, ಹೇಮಾವತಿ, ನೇತ್ರಾವತಿಗಳಿಗೂ ಒಪ್ಪಿಕೊಳ್ಳಬೇಕು. ಮುಂಗಾರಿನ ಎರಡು ತಿಂಗಳು ಹೊಳೆಯಲ್ಲೂ ಹಳ್ಳದಲ್ಲೂ ಕೂಳಿ, ಬಲೆ, ಗಾಳ ಯಾವುದೂ ಬೇಡ. ಉಳಿದ ತಿಂಗಳುಗಳಲ್ಲಿ ಊರವರಿಗೇ ಪರವಾನಗಿ ಕೊಟ್ಟು, ಹಿಡಿದದ್ದನ್ನೂ ಬಿಟ್ಟದ್ದನ್ನೂ ಬರೆದಿಡುವ ಪುಸ್ತಕವೊಂದನ್ನು ಪಂಚಾಯಿತಿಯಲ್ಲಿ ಇಡಲಿ. ಹೊಳೆ ದಡದ ಪಂಚಾಯಿತಿಗಳು ಇದಕ್ಕೆ ಸರ್ಕಾರದ ಆದೇಶ ಕಾಯಬೇಕಾಗಿಲ್ಲ. ಬರುವ ಮೇ ತಿಂಗಳ ಗ್ರಾಮಸಭೆಯಲ್ಲೇ ಒಂದು ನಿರ್ಣಯ ಮಾಡಬಹುದು. ಓದುವ ನಿಮ್ಮ ಊರಿನಲ್ಲಿ ಹೊಳೆಯಿದ್ದರೆ ಆ ಸಭೆಗೆ ಹೋಗಿ, ಈ ಮಾತೆತ್ತಿ.